ತೊಳೆದ ಬಿಲ್ಲೆ

ಬಿಲ್ಲೆಯನ್ನು ಹಳೆಯ ಟವೆಲಿನ ಮೇಲಿಂದ ಎತ್ತಿ ಗ್ಯಾರೇಜಿನ ಕಿಟಕಿಯ ಬೆಳಕಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿಸಿ ನೋಡುತ್ತಿದ್ದ ಹಾರ್ಲನ್ ಡೇಬ್ನಿಗೆ ತಾನು ಮಾಡುತ್ತಿರುವುದು ಶುದ್ಧ ಹುಚ್ಚಾಟವೆಂದು ಗೊತ್ತಿತ್ತು. ನಿನ್ನೆ ಇಲ್ಲದ್ದು ಇವತ್ತು ಬರುವುದಿಲ್ಲ. ಮಳೆ ಬಿದ್ದ ಮರುದಿನ ಅಣಬೆ ಏಳುವ ಹಾಗೆ ಲೋಹದೊಳಗಿಂದ ಅಕ್ಷರ ಏಳುವುದಿಲ್ಲ. ಆದರೂ ಎದ್ದವನು ಮುಖ ತೊಳೆಯುವ ಮೊದಲೇ ಇಲ್ಲಿಗೆ ಬಂದಿದ್ದ. ಬಂದು ದೀಪ ಹಾಕಿ ನೋಡಿದ್ದ, ದೀಪ ಆರಿಸಿ ನೋಡಿದ್ದ, ಕನ್ನಡಕ ಹಾಕಿ ನೋಡಿದ್ದ, ತೆಗೆದೂ ನೋಡಿದ್ದ. ಒಂದು ಮಗ್ಗುಲಲ್ಲಿ ಹದ್ದಿನ ರೆಕ್ಕೆಯೆಂದು ಊಹಿಸಬಹುದಾದ ಒಂದೆರಡು ಗೆರೆ, ಅಂಚಿನಲ್ಲಿ ದಾರ ಪೋಣಿಸುವ ತೂತು. ಇನ್ನೊಂದು ಮಗ್ಗುಲು, ಹೆಸರು ಇರಬೇಕಾಗಿದ್ದ ಮಗ್ಗುಲು, ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು. ಇಷ್ಟು ಚೊಕ್ಕಟವಾದ ವಸ್ತು ಅವನ ಇಡೀ ಸಂಗ್ರಹದಲ್ಲೇ ಇನ್ನೊಂದಿರಲಿಲ್ಲ.

ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಅಂತರ್ಯುದ್ಧದ ಕಾಲದಲ್ಲಿ ದಂಡಿನ ಬೆನ್ನಿಗೇ ಬರುತ್ತಿದ್ದ ವ್ಯಾಪಾರಿಗಳಿಂದ ಉತ್ತರದ ಸಿಪಾಯಿಗಳು ಇಂಥ ಬಿಲ್ಲೆ ಕೊಂಡು, ಹೆಸರು ಹೊಡೆಸಿ, ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಸತ್ತರೆ ಹೆಣ ಯಾರದೆಂದು ಊರಿಗೆ ತಿಳಿಯಲಿ ಎಂಬುದಷ್ಟೇ ಅವರ ಆಸೆ. ಅದು ಅಂಥ ದೊಡ್ಡ ಆಸೆಯೇನಲ್ಲ. ಈ ಬಿಲ್ಲೆ ಒಂದೂವರೆ ಶತಮಾನ ನೇಗಿಲಿಗೆ, ಟ್ರ್ಯಾಕ್ಟರಿಗೆ, ಗೊಬ್ಬರಕ್ಕೆ, ಹಿಮಕ್ಕೆ ಮೈಯೊಡ್ಡಿಕೊಂಡು ಒಬ್ಬನ ಹೆಸರನ್ನು ಕಾಪಾಡಿಕೊಂಡು ಬಂದಿತ್ತು. ಹಾರ್ಲನ್‌ನ ಹಲ್ಲುಜ್ಜುವ ಬ್ರಷ್ಷಿನಿಂದ ಮಾತ್ರ ಕಾಪಾಡಲು ಅದಕ್ಕೆ ಆಗಲಿಲ್ಲ. ಹೀಗೆ ತನ್ನನ್ನು ತಾನೇ ಹಂಗಿಸಿಕೊಂಡಾಗ ಒಂದು ಕ್ಷಣ ಹಗುರವೆನಿಸುತ್ತಿತ್ತು. ಮರುಕ್ಷಣ, ಹಂಗಿಸಿಕೊಳ್ಳುವುದರಲ್ಲೂ ಒಂದು ಸುಖ ಹುಡುಕುತ್ತಿದ್ದೇನಲ್ಲ ಎಂದು ಹೇಸಿಗೆಯಾಗುತ್ತಿತ್ತು.

ಗುರುವಾರ ಮಧ್ಯಾಹ್ನ, ಮಿಸ್ ಅರ್ನೆಸ್ಟೀನ್ ಬರ್ಡ್‌ಳ ಜಮೀನಿನ ಹಿಂಬದಿಯ ದಿಬ್ಬದಲ್ಲಿ, ನೆಲ ಹಿಮ ಕಳೆದು ಹದವಾಗಿ ಮೆತ್ತಗಾಗಿತ್ತು. ಕೆಳಗೆ ರ್‍ಯಾಪಿಡಾನ್ ನದಿ ಕೆಂಪಗೆ ಹರಿಯುತ್ತಿತ್ತು. ವರ್ಜೀನಿಯದ ಈ ಭಾಗದಲ್ಲಿ ಉತ್ತರದವರ ದಂಡು ಒಂದು ಚಳಿಗಾಲವಿಡೀ ಬೀಡುಬಿಟ್ಟು, ಸುತ್ತಲ ಕಾಡನ್ನೆಲ್ಲ ಕಡಿದು ಗುಡಿಸಲು ಕಟ್ಟಿಕೊಂಡಿತ್ತು. ಹಾಗಾಗಿ ಇಲ್ಲಿ ಎಲ್ಲಿ ಅಗೆದರೂ ಒಬ್ಬ ಸಿಪಾಯಿಯ ಒಲೆಯ ಬೂದಿ ಸಿಗುತ್ತಿತ್ತು. ಹೆಡ್‌ಫೋನಿನೊಳಗೆ ನೆಲದೊಳಗಿನ ಲೋಹ ಪತ್ತೆಮಾಡುವ ಡಿಟೆಕ್ಟರು ಗೊಣಗುತ್ತಲೇ ಇತ್ತು: ಮೊಳೆಗೆ ಒಂದು ಗೊಣಗು, ಬಿಯರ್ ಡಬ್ಬಿಯ ಕಿವಿಗೆ ಇನ್ನೊಂದು ಗೊಣಗು. ಮೂವತ್ತು ವರ್ಷ ರಸ್ತೆ ಇಲಾಖೆಯಲ್ಲಿ ಮೇಲಿನವರ ಗೊಣಗಾಟ ಕೇಳಿ ಪಳಗಿದ ಅವನ ಕಿವಿಗೆ ಇದೇನೂ ಹೊಸದಲ್ಲ. ಆಮೇಲೆ ಒಂದು ಇಂಪಾದ, ದುಂಡನೆಯ ಸದ್ದು. ಮೊಣಕಾಲೂರಿ, ಸಣ್ಣ ಸಲಿಕೆಯಿಂದ ಹುಲ್ಲಿನ ಹೆಪ್ಪನ್ನು ಮುಚ್ಚಳದ ಹಾಗೆ ಎತ್ತಿ, ಮಣ್ಣಿನಲ್ಲಿ ಬೆರಳಾಡಿಸಿದಾಗ ಅದು ಅಂಗೈಗೆ ಬಂತು. ಹೆಬ್ಬೆರಳಿನಿಂದ ಒಂದೇ ಒಂದು ಸಲ ಮೆಲ್ಲಗೆ ಸವರಿದ. ತವರದ ಬೂದುಬಣ್ಣದ ಮೈಮೇಲೆ, ಸಾಲಾಗಿ, ಇರುವೆಗಳ ಹಾಗೆ: ಎಲ್, ಎ, ಟಿ, ಎಚ್. ಮುಂದಿನದು ಕಿಲುಬು ಕಟ್ಟಿ ಮುಚ್ಚಿತ್ತು. ಹದಿನೆಂಟು ವರ್ಷ ಹೊಲಗಳನ್ನು ಅಲೆದಿದ್ದ. ಸೀಸದ ಗುಂಡು, ಬಟನ್, ಬಕಲ್ ಎಷ್ಟೋ ಸಿಕ್ಕಿದ್ದವು. ಒಬ್ಬ ಮನುಷ್ಯ ಸಿಕ್ಕಿದ್ದು ಇದೇ ಮೊದಲು. ಸುತ್ತ ಯಾರೂ ಇಲ್ಲದಿದ್ದರೂ ಟೊಪ್ಪಿ ತೆಗೆದ. ಆ ಘಳಿಗೆಯಲ್ಲಿ ತಾನು ಎಷ್ಟು ಒಳ್ಳೆಯವನಾಗಿದ್ದೆ ಎಂದು ಈಗ ನೆನೆದರೆ ಆಶ್ಚರ್ಯವಾಗುತ್ತದೆ.

ಕೈ ಜೇಬಿನಲ್ಲಿರಲಿ. ಇದು ಅವನದೇ ಮಾತು. ಯುದ್ಧಕಾಲದ ವಸ್ತುಗಳಿಗಾಗಿ ಹೊಲ ಅಗೆಯುವವರ ಸಂಘ ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಸೇರುತ್ತದೆ; ಎಲ್ಲರೂ ತಮ್ಮ ತಮ್ಮ ಪದಾರ್ಥಗಳನ್ನು ಮೇಜಿನ ಮೇಲಿಟ್ಟು, ಕರಿದ ಕೋಳಿ ತಿಂದು, ಯಾರದ್ದು ಮೇಲೆಂದು ಕೈಯೆತ್ತುತ್ತಾರೆ. ಪ್ರತಿ ವಸಂತದಲ್ಲೂ ಹಾರ್ಲನ್‌ನದು ಒಂದು ಭಾಷಣ ಕಾಯಂ: ಯಾವುದನ್ನು ತೊಳೆಯಬಾರದು. ಹಿತ್ತಾಳೆಗೆ ನೀರು ಸಾಕು, ಸೀಸಕ್ಕೆ ನೀರೂ ಹೆಚ್ಚು, ತವರವನ್ನಂತೂ ಮುಟ್ಟಲೇಬೇಡಿ, ತವರ ನೆಲದಲ್ಲಿ ಕೊಳೆಯುವಾಗ ಹೆಸರು ಮೇಲಿನ ಕಿಲುಬಿಗೆ ದಾಟಿಕೊಂಡು ಅಡಿಯಲ್ಲಿ ಲೋಹ ಬರಿದಾಗಿರುತ್ತದೆ, ಕಿಲುಬು ಹೋದರೆ ಹೆಸರೂ ಹೋಯಿತು. ಕುತೂಹಲ ತಡೆಯಲಾಗದಿದ್ದರೆ ಎರಡೂ ಕೈ ಜೇಬಿನಲ್ಲಿಟ್ಟು ಹೊರಗೆ ಹೋಗಿ ಗಾಳಿ ಕುಡಿದು ಬನ್ನಿ. ಜನ ನಗುತ್ತಿದ್ದರು. ಹೋದ ವರ್ಷ ಈ ಮಾತಿನ ಮಧ್ಯೆಯೇ ಪೆಟ್ರೋಲ್ ಬಂಕಿನ ಗೇನ್ಸ್ ಪಕೆಟ್ ಎಂಬವನು ಹದ್ದಿನ ಚಿತ್ರದ ಸಿಪಾಯಿ ಬಟನ್ ಒಂದನ್ನು ತಂದು ತೋರಿಸಿದ್ದ. ಮೂರು ಸಂಜೆ ಉಜ್ಜಿದ್ದನಂತೆ. ಬಟನ್ ಚಿನ್ನದ ಹಾಗೆ ಹೊಳೆಯುತ್ತಿತ್ತು, ಅವನ ಮುಖವೂ. ಹಾರ್ಲನ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಗೇನ್ಸ್, ಚೆನ್ನಾಗಿದೆ ಕಣಪ್ಪ. ಬಾಗಿಲಿಗೆ ಹಿಡಿ ಬೇಕಾಗಿತ್ತಾ ನಿಂಗೆ?" ಎಂದಿದ್ದ. ನೆಲಮಾಳಿಗೆಯೆಲ್ಲ ನಕ್ಕಿತು. ಗೇನ್ಸನೂ ನಕ್ಕ, ಕಿವಿಯವರೆಗೆ ಕೆಂಪಾಗಿ ನಕ್ಕ. ಆಮೇಲೆ ಅವನು ಸಭೆಗೆ ಬರುತ್ತಿದ್ದ, ಕುರ್ಚಿ ಹಾಕುತ್ತಿದ್ದ, ಕುರ್ಚಿ ಮಡಚುತ್ತಿದ್ದ. ಆದರೆ ಮೇಜಿನ ಮೇಲೆ ಮತ್ತೆ ಯಾವತ್ತೂ ಏನೂ ಇಡಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಯಾಕೆ ತೊಳೆದೆ ಎಂದು ಯಾರಾದರೂ ಕೇಳಿದರೆ ಹೇಳಲು ಅವನ ಬಳಿ ಉತ್ತರವಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ನಾಲ್ಕು ಅಕ್ಷರ ಹಿಡಿದುಕೊಂಡು ಏನು ಮಾಡುವುದು? ಪೂರ್ತಿ ಹೆಸರು ಸಿಕ್ಕರೆ ಯಾವ ಊರು, ಯಾವ ದಂಡು, ಬದುಕಿದನೋ ಸತ್ತನೋ ಎಲ್ಲ ಹುಡುಕಬಹುದು. ಅವನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಬರೆಯಬಹುದು. ಸಂಘದ ಮೇಜಿನ ಮೇಲೆ ಕಪ್ಪು ಮಖಮಲ್ಲಿನ ಮೇಲಿಟ್ಟು, ಹೆಚ್ಚು ಮಾತಾಡದೆ, ಗಂಟಲು ಸರಿಮಾಡಿಕೊಂಡು ಒಂದು ಹೆಸರನ್ನಷ್ಟೇ ಹೇಳಬಹುದು. ಇಲ್ಲಿ ಬೀಡುಬಿಟ್ಟಿದ್ದ ಸಿಪಾಯಿಯ ಕೊರಳಿನ ಬಿಲ್ಲೆ ಹಾರ್ಲನ್‌ನ ಕೊರಳಿಗೆ ಬಂದು ಜೋತುಬಿದ್ದಿತ್ತು. ಗುರುವಾರ ಸಂಜೆ ಬಟ್ಟಲಿಗೆ ನೀರು ಹಾಕಿದ: ಬರೇ ನೀರು, ನೋಡೋಣ. ನೀರಿಗೆ ಚಿಟಿಕೆ ಸೋಡಾ. ಸೋಡಾಕ್ಕೆ ಬ್ರಷ್ಷು, ಮೆತ್ತನೆಯದು. ಅಷ್ಟರಲ್ಲಿ ಐದನೆಯ ಅಕ್ಷರದ ಬೆನ್ನು ಕಂಡಹಾಗಾಯಿತು, ಆರ್ ಇರಬಹುದು, ಬಿ ಇರಬಹುದು. ಅಡಿಗೆಮನೆಯಿಂದ ಅರ್ಧ ಹೋಳು ನಿಂಬೆ ತಂದ. ನಿಂಬೆಹಣ್ಣು ಹಿಡಿದು ಮೆಟ್ಟಿಲಿಳಿಯುವಾಗ ಒಳಗಿನಿಂದ ಯಾರೋ ಸ್ಪಷ್ಟವಾಗಿ, ಅವನದೇ ಭಾಷಣದ ದನಿಯಲ್ಲಿ, ಬೇಡ ಎಂದರು. ಕೇಳಿಸಿತು. ಕೇಳಿಸಿಯೂ ಹಿಂಡಿದ. ಬೂದುಬಣ್ಣದ ಪೊರೆ ಹಾಲಿನ ಕೆನೆಯ ಹಾಗೆ ಅಂಚಿನಿಂದ ಎದ್ದಿತು. ಎದ್ದ ಪೊರೆಯ ಮೇಲೆ ಒಂದು ಕ್ಷಣ ಎಲ್ಲ ಅಕ್ಷರಗಳೂ ಇದ್ದವು. ಅವನು ಇದ್ದವೆಂದು ಪ್ರಮಾಣ ಮಾಡಬಲ್ಲ. ಓದುವುದಕ್ಕೆ ಬಗ್ಗಿದಾಗ ಅವನ ಉಸಿರು ತಾಗಿಯೋ ಏನೋ ಅದು ಚೂರಾಗಿ ನೀರಿಗೆ ಬಿತ್ತು. ಹೆಂಡತಿ ಲೊರೀನ್‌ಳ ಚಹಾ ಸೋಸುವ ಜಾಲರಿಯಲ್ಲಿ ಆ ನೀರನ್ನೆಲ್ಲ ಸೋಸಿದ. ಚಿಟಿಕೆ ಬೂದಿ ಸಿಕ್ಕಿತು.

ಶುಕ್ರವಾರ ಇಡೀ ದಿನ ಅವನು ಬಹಳ ಸೌಜನ್ಯದಿಂದ ನಡೆದುಕೊಂಡಿದ್ದ. ಹೆಂಡತಿ ಹೇಳುವ ಮೊದಲೇ ಕಸ ಹೊರಗಿಟ್ಟಿದ್ದ. ಬೇಟೆನಾಯಿಗಳ ಕೊರಳಪಟ್ಟಿಗೆ ಹೆಸರು ಹೊಡೆಯುವ ಉಳಿಗಳು ಗ್ಯಾರೇಜಿನ ಡ್ರಾಯರಿನಲ್ಲಿದ್ದವು, ಎ ಇಂದ ಜೆಡ್‌ವರೆಗೆ. ಮಧ್ಯಾಹ್ನ ಅವನ ಕೈ ತಾನಾಗಿಯೇ ಆ ಡ್ರಾಯರನ್ನು ಎಳೆದಿತ್ತು. ನಾಲ್ಕು ಅಕ್ಷರ ತಾನು ಕಣ್ಣಾರೆ ಕಂಡದ್ದು. ಕಂಡದ್ದನ್ನು ಕಂಡಲ್ಲೇ ಮತ್ತೆ ಹೊಡೆದರೆ ಅದು ಸುಳ್ಳು ಹೇಗಾಗುತ್ತದೆ? ಮೊದಲು ಒಂದು ಸೀಸದ ತುಂಡಿನ ಮೇಲೆ ಹೊಡೆದು ನೋಡಿದ. ಎಲ್, ಎ, ಟಿ, ಎಚ್. ಥೇಟ್ ನಾಯಿಯ ಬಿಲ್ಲೆ. ಹಳೆಯ ಹಾರ್ಲನ್, ಹೋದ ವಾರದ ಹಾರ್ಲನ್, ಇದನ್ನು ಮೇಜಿನ ಮೇಲೆ ಕಂಡಿದ್ದರೆ ಏನನ್ನುತ್ತಿದ್ದ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೆಲಮಾಳಿಗೆ ನಗುವುದೂ ಕೇಳಿಸಿತು. ಸೀಸದ ತುಂಡನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ.

"ಹಾರ್ಲನ್," ಎಂದಳು ಲೊರೀನ್, ಈ ಶನಿವಾರ ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ನಿಂತು. ಅವಳ ಕೈಯಲ್ಲಿ ಜಾಲರಿ ಇತ್ತು. "ಇದ್ರಲ್ಲಿ ಏನ್ ಸೋಸಿದೀಯ? ಚಹಾ ಎಲ್ಲ ಮಣ್ಣು ಮಣ್ಣು."

"ಮಣ್ಣೇ."

"ನಿನ್ನೆ ನಾನು ಎರಡು ಲೋಟ ಕುಡ್ದಿದೀನಿ."

ಅವನು ಅವಳ ಮುಖ ನೋಡಿದ. ಹಾಗಾದರೆ ಉಳಿದ ಅಕ್ಷರಗಳಲ್ಲಿ ಒಂದೆರಡು ಇವಳ ಹೊಟ್ಟೆ ಸೇರಿರಬೇಕು. ನಗು ಬಂತು, ತಡೆದುಕೊಂಡ. ಹೊಸದು ತಂದುಕೊಡುವುದಾಗಿ ಹೇಳಿದ. ಅವಳು ಟವೆಲಿನ ಮೇಲಿನ ಬಿಲ್ಲೆಯನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿ, ಈ ಹೊತ್ತು ಮಿಸ್ ಅರ್ನೆಸ್ಟೀನ್ ಕಾಯುತ್ತಿರುತ್ತಾರೆ, ಗಡ್ಡ ಕೆರೆದುಕೊಂಡು ಹೋಗು ಎಂದಳು.

ಹೋಗಲೇಬೇಕಿತ್ತು. ಯಾರ ನೆಲದಲ್ಲಿ ಅಗೆದೆವೋ ಅವರ ಮುಂದೆ ಸಿಕ್ಕಿದ್ದನ್ನೆಲ್ಲ ಹರವಿ, ಅವರು ಬಯಸಿದ ಒಂದನ್ನು ಅವರಿಗೆ ಬಿಟ್ಟುಕೊಡುವುದು ಅಗೆಯುವವರ ಕಟ್ಟಳೆ; ಬರೆದಿಟ್ಟದ್ದಲ್ಲ, ಆದರೆ ಮುರಿದವನನ್ನು ಮತ್ತೆ ಯಾವ ಹೊಲಕ್ಕೂ ಸೇರಿಸುವುದಿಲ್ಲ. ಬಿಲ್ಲೆಯೊಂದನ್ನು ಮನೆಯಲ್ಲೇ ಬಿಟ್ಟುಹೋದರೆ? ಕದ್ದಹಾಗಾಗುತ್ತದೆ. ತೆಗೆದುಕೊಂಡು ಹೋದರೆ ಹೇಳಬೇಕಾಗುತ್ತದೆ. ನುಂಗಲಾರದ ಉಗುಳಲಾರದ ಬಿಸಿತುಪ್ಪವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಗುಂಡು ಬಟನ್‌ಗಳನ್ನು ಖಾಲಿ ಮೊಟ್ಟೆಯ ಟ್ರೇಯಲ್ಲಿ ಜೋಡಿಸಿಕೊಂಡು ಹೊರಟ.

ಪೆಟ್ರೋಲ್ ತೀರಿತ್ತು. ಬೇರೆ ಬಂಕು ಹನ್ನೆರಡು ಮೈಲಿ ಆಚೆ. ಗೇನ್ಸ್ ಒಳಗಿಂದ ಬಂದವನು, ಹಾರ್ಲನ್ ಬೇಡವೆಂದರೂ, ಗಾಡಿಯ ಗಾಜು ಒರೆಸತೊಡಗಿದ. ಅವನ ಈ ವಿನಯವೇ ಹಾರ್ಲನ್‌ಗೆ ಒಂದು ವರ್ಷದಿಂದ ಚುಚ್ಚುತ್ತಿತ್ತು. ಬೈದಿದ್ದರೆ, ಮುಖ ತಿರುಗಿಸಿದ್ದರೆ, ಎಷ್ಟೋ ವಾಸಿಯಿತ್ತು. ಬರ್ಡ್ ಅವರ ಜಾಗದಲ್ಲಿ ಏನಾದರೂ ಸಿಕ್ಕಿತಾ ಎಂದು ಗೇನ್ಸ್ ವಿಚಾರಿಸಿದ. ಹೀಗೇ, ಗುಂಡುಗಳು ಎಂದ ಹಾರ್ಲನ್. ಗೇನ್ಸ್ ಗಾಜಿನ ಮೇಲಿನ ಒಂದೇ ಜಾಗವನ್ನು ಮತ್ತೆ ಮತ್ತೆ ಒರೆಸುತ್ತ ಹೇಳಿದ: "ಸಾರ್, ನಂಗೂ ಒಂದು ಸಿಕ್ಕಿದೆ. ಬಕಲ್ ಥರ ಇದೆ, ಮೇಲೆ ಏನೋ ಅಕ್ಷರ. ಯಾರಿಗೂ ತೋರ್ಸಿಲ್ಲ. ತೊಳೀಲಾ?"

ಹಾರ್ಲನ್‌ನ ಜೇಬಿನಲ್ಲಿ ಬಿಲ್ಲೆ ಬಿಸಿಯಾದಂತಾಯಿತು. ಹೇಳಲು ಇದಕ್ಕಿಂತ ಒಳ್ಳೆಯ ಘಳಿಗೆ ಸಿಗಲಾರದು. "ಕೈ ಜೇಬಲ್ಲಿಟ್ಕೊ," ಎಂದ.

"ಗೊತ್ತು ಸಾರ್. ಸುಮ್ನೆ ನಿಮ್ಮ ಬಾಯಲ್ಲಿ ಕೇಳೋಣ ಅಂತ."

ಮಿಸ್ ಅರ್ನೆಸ್ಟೀನ್‌ಗೆ ಎಂಬತ್ತು ದಾಟಿತ್ತು; ಮದುವೆಯಾದವಳಾದರೂ ಈ ಸೀಮೆಯ ರೂಢಿಯಂತೆ ಎಲ್ಲರಿಗೂ ಮಿಸ್. ಮೂರು ವರ್ಷ ಅವಳ ಜಮೀನಿನಲ್ಲಿ ಅಗೆದಿದ್ದರೂ ಹಾರ್ಲನ್ ಅವಳ ಅಡಿಗೆಮನೆಯೊಳಗೆ ಬಂದದ್ದು ಇದು ಎರಡನೆಯದೋ ಮೂರನೆಯದೋ ಸಲ. ಉಳಿದಂತೆ ಎಲ್ಲ ಮಾತುಕತೆ ಹಿತ್ತಲ ಕಟ್ಟೆಯ ಮೇಲೆ. ಯಾಕೆ ಹಾಗೆ ಎಂದು ಇಬ್ಬರೂ ಯಾವತ್ತೂ ಕೇಳಿಕೊಂಡಿರಲಿಲ್ಲ. ಅವಳು ಕಪ್ಪು ಜನ, ಅವನು ಬಿಳಿ. ಈ ಸೀಮೆಯಲ್ಲಿ ಅಂಥವರಿಬ್ಬರು ಮರ್ಯಾದೆಯಿಂದ ಇರಬೇಕೆಂದರೆ ಕಟ್ಟೆಯೇ ಅನುಕೂಲ. ಇವತ್ತು ಚಳಿ ಎಂದು ಒಳಗೆ ಕರೆದಿದ್ದಳು. ಮೇಜಿನ ಮೇಲೆ ಗೆಣಸಿನ ಕಡುಬಿನ ತುಂಡು, ಕಾಫಿ. ಅವನು ಮೊಟ್ಟೆಯ ಟ್ರೇಯನ್ನಿಟ್ಟ. ಕೆಸರು ಮೆತ್ತಿದ ಬೂದುಬಣ್ಣದ ಗುಂಡುಗಳನ್ನು ಅವಳು ಒಂದೊಂದಾಗಿ ಬೆರಳಿನಿಂದ ಹೊರಳಿಸಿ ನೋಡಿ, ಇಷ್ಟೇನಾ ಎಂದಳು. ಇಷ್ಟೇ ಎನ್ನಲು ಬಾಯಿ ತೆರೆದವನ ಕೈ ಜೇಬಿಗೆ ಹೋಗಿ, ಬಿಲ್ಲೆಯನ್ನು ತೆಗೆದು, ಗುಂಡುಗಳ ಪಕ್ಕಕ್ಕಿಟ್ಟಿತು.

ಆಕೆಯ ಮುಖ ಅರಳಿತು. "ಅಯ್ಯೋ, ಎಷ್ಟ್ ಚೆನ್ನಾಗಿ ತೊಳ್ದಿದೀರಿ ಮಿಸ್ಟರ್ ಹಾರ್ಲನ್. ಬಾಕಿ ಎಲ್ಲ ಯಾಕೆ ಹಾಗೇ ಬಿಟ್ರಿ?"

ಇಷ್ಟು ವರ್ಷಗಳಲ್ಲಿ ಅವನ ಕೆಲಸವನ್ನು ಯಾರೂ ಹೀಗೆ ಬಾಯ್ತುಂಬ ಹೊಗಳಿರಲಿಲ್ಲ. ಅದು ಏನೆಂದು ಹೇಳಿದ. ಸಿಪಾಯಿಗಳು ಹೆಸರು ಬರೆಸಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು ಎಂದ. ಆಕೆ ಕನ್ನಡಕವನ್ನು ಮೂಗಿನ ತುದಿಗೆ ಎಳೆದು, ಬಿಲ್ಲೆಯನ್ನು ಕಿಟಕಿಗೆ ಹಿಡಿದು, ತಿರುಗಿಸಿ, ಹೆಸರೆಲ್ಲಿ ಎಂದು ಕೇಳಿದಳು. "ಇದು ಖಾಲೀದು. ಕೊಂಡ್ಕೊಂಡೋನು ಹೆಸರು ಹೊಡೆಸೋಕೆ ಮುಂಚೆ ಕಳ್ಕೊಂಡಿರ್ಬೇಕು," ಎಂದ ಹಾರ್ಲನ್. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅದು ನಿಜವಿರಬಹುದು ಎನ್ನಿಸಿತು. ಆ ಬಡಪಾಯಿಯ ಮೇಲೆ ಕನಿಕರವೂ ಮೂಡಿತು.

ಆಕೆ ಬಿಲ್ಲೆಯನ್ನು ಕೆಳಗಿಡಲಿಲ್ಲ. ಅಂಗೈಯಲ್ಲಿ ಮುಚ್ಚಿಕೊಂಡು, ಬೆಚ್ಚಗೆ ಮಾಡಿಕೊಳ್ಳುವವಳಂತೆ ಕೂತು, ನಿಧಾನಕ್ಕೆ ಹೇಳತೊಡಗಿದಳು. ಈ ದಿಬ್ಬದ ಮೇಲೆ ಯಾಂಕಿಗಳು, ಎಂದರೆ ಉತ್ತರದವರು, ಬಿಡಾರ ಹೂಡಿದ್ದಾಗ ಅವಳ ಮುತ್ತಜ್ಜ ಮೋಸಸ್ ತಾನು ಗುಲಾಮನಾಗಿದ್ದ ನದಿಯಾಚೆಯ ಧಣಿಯ ಮನೆಯಿಂದ ತಪ್ಪಿಸಿಕೊಂಡು, ಮಂಜುಗಡ್ಡೆಯ ನೀರನ್ನು ಎದೆಮಟ್ಟ ದಾಟಿ ಬಂದನಂತೆ. ಹದಿನೇಳೋ ಹದಿನೆಂಟೋ. ಕಾಲಿಗೆ ಜೋಡಿಲ್ಲ. ಹೆಸರೂ ಅರ್ಧವೇ: ಬರೇ ಮೋಸಸ್. ಒಬ್ಬ ಸಿಪಾಯಿ ಅವನಿಗೆ ತನ್ನ ಕಾಲುಚೀಲ ಕೊಟ್ಟ, ಒಲೆಯ ಪಕ್ಕ ಜಾಗ ಕೊಟ್ಟ. ಮೋಸಸ್ ಆ ಚಳಿಗಾಲವೆಲ್ಲ ಅವನ ಗುಡಿಸಲಿನ ಅಡಿಗೆ ಮಾಡಿದ. ವಸಂತದಲ್ಲಿ ದಂಡು ಹೊರಟುಹೋಯಿತು. ಯುದ್ಧ ಮುಗಿದ ಮೇಲೆ ಸರ್ಕಾರದವರು ಬಂದು ಪೂರ್ತಿ ಹೆಸರು ಹೇಳು ಎಂದಾಗ, ಧಣಿಯ ಹೆಸರು ಹೇಳಲು ಮನಸ್ಸಾಗದೆ, ಆ ಸಿಪಾಯಿಯ ಹೆಸರನ್ನು ಹೇಳಿದ. ಆಮೇಲೆ ದುಡಿದು ಇದೇ ದಿಬ್ಬವನ್ನು ಕೊಂಡುಕೊಂಡ. "ಬರ್ಡ್ ಅನ್ನೋದು ನನ್ ಗಂಡನ ಕಡೆದು. ನಮ್ಮಪ್ಪನ ಮನೆಯೋರು ಲ್ಯಾಥ್ರಪ್‌ಗಳು," ಎಂದಳು ಆಕೆ. "ಅಂಥ ಸಿಪಾಯಿ ಇದ್ದನೋ ಇಲ್ವೋ ಅಂತ ನಮ್ಮ ದೊಡ್ಡಪ್ಪನೇ ನಗ್ತಿದ್ದ. ಅಜ್ಜ ಕಟ್ಟಿದ ಕಥೆ ಅಂತ. ನಾನು ನಿಮಗೆ ಅಗೀರಿ ಅಂತ ಅಂದಿದ್ದು ಮತ್ಯಾಕೆ ಅಂದ್ಕೊಂಡ್ರಿ? ಗುಂಡು ಬೇಕಾಗಿತ್ತಾ ನಂಗೆ?"

ಎಲ್, ಎ, ಟಿ, ಎಚ್. ಅಡಿಗೆಮನೆಯ ಗಡಿಯಾರ ಎಂದಿನಂತೆ ನಡೆಯುತ್ತಿತ್ತು. ಹಾರ್ಲನ್ ಗೆಣಸಿನ ಕಡುಬನ್ನು ನೋಡುತ್ತಿದ್ದ. ಐದನೆಯದು ಆರ್ ಆಗಿತ್ತು, ಬಿ ಅಲ್ಲ. ಒಬ್ಬ ಸಿಪಾಯಿ ಹೆಸರನ್ನು ಕೊರಳಿಗೆ ಕಟ್ಟಿಕೊಂಡು ಇಲ್ಲಿ ಒಲೆ ಮುಂದೆ ಕೂತಿದ್ದ. ಒಬ್ಬ ಹುಡುಗ ಆ ಹೆಸರನ್ನು ಎತ್ತಿಕೊಂಡು ತನ್ನದು ಮಾಡಿಕೊಂಡ. ಆ ಹೆಸರಿನ ಮನೆಯವರು ಅಷ್ಟು ವರ್ಷ ಅದರ ಮೇಲೆಯೇ ಜೋಳ ಬಿತ್ತಿದರು. ಮತ್ತೆ ತಾನು, ಟೊಪ್ಪಿ ತೆಗೆದು ವಂದಿಸಿ, ಅದನ್ನು ನಿಂಬೆರಸದಲ್ಲಿ ತೊಳೆದಿದ್ದ. ಈಗ ಹೇಳಬೇಕು ಎಂದುಕೊಂಡ. ಈಗ ಹೇಳಿದರೆ, ಮೊದಲು ಖಾಲಿ ಅಂದದ್ದು ಯಾಕೆ ಎಂದು ಕೇಳುತ್ತಾಳೆ ಎಂದುಕೊಂಡ. ನಾಳೆ ಹೇಳಿದರಾಯಿತು, ಪತ್ರ ಬರೆದರೆ ಇನ್ನೂ ಚೆನ್ನ.

ಅಷ್ಟರಲ್ಲಿ ಆಕೆ ಎದ್ದು, ಬೀರುವಿನ ಕೆಳಗಿನಿಂದ ಹಿಟ್ಟಿನ ಡಬ್ಬಿಯೊಂದನ್ನು ಎಳೆದು, ಬಟ್ಟೆಯ ಗಂಟು ಬಿಚ್ಚಿ, ಒಂದು ಚಮಚ ತಂದು ಅವನ ಮುಂದಿಟ್ಟಳು. ತವರದ ಚಮಚ, ಹೆಂಚಿನಷ್ಟು ಕಪ್ಪು. ಹಾರ್ಲನ್‌ನ ಅಜ್ಜಿ ಸಾಯುವವರೆಗೂ ಯಾಂಕಿಗಳು ನಮ್ಮ ಮನೆಯ ಬೆಳ್ಳಿ ಚಮಚ ಕದ್ದರು ಎಂದು ಶಪಿಸುತ್ತಿದ್ದಳು. ಈ ಸೀಮೆಯ ಪ್ರತಿ ಬಿಳಿಯ ಮನೆಯಲ್ಲೂ ಒಬ್ಬ ಅಜ್ಜಿ ಹಾಗೆ ಶಪಿಸುತ್ತಿದ್ದಳು. ಅಷ್ಟೊಂದು ಚಮಚ ಇದ್ದಿದ್ದರೆ ದಕ್ಷಿಣದವರು ಯುದ್ಧವನ್ನೇ ಗೆಲ್ಲಬಹುದಿತ್ತು. ಯಾಂಕಿ ಕೊಟ್ಟು ಹೋದ ಚಮಚವನ್ನು ಅವನು ನೋಡಿದ್ದು ಇದೇ ಮೊದಲು. "ಆ ಸಿಪಾಯಿ ಹೋಗೋವಾಗ ಮೋಸಸ್‌ಗೆ ಕೊಟ್ಟಿದ್ದಂತೆ. ನಮ್ಮಲ್ಲಿ ಯಾರೂ ಮುಟ್ಟಿಲ್ಲ. ಆದ್ರೆ ನಿಮ್ಮ ಕೈಗುಣ ನೋಡಿದ ಮೇಲೆ ಆಸೆ ಆಗ್ತಿದೆ," ಎಂದಳು ಆಕೆ. "ಇದನ್ನೂ ಅದರ ಥರಾನೇ ಮಾಡ್ಕೊಡಿ. ಈಸ್ಟರ್‌ಗೆ ಮಕ್ಕಳೆಲ್ಲ ಬರ್ತಾರೆ."

ಅವನ ಹೆಬ್ಬೆರಳು ಚಮಚದ ಹಿಡಿಯ ಮೇಲೆ ಹೋಯಿತು. ಕಪ್ಪಿನ ಅಡಿಯಲ್ಲಿ ಏನೋ ಇತ್ತು. ಗೀರು. ಒಂದು, ಪಕ್ಕಕ್ಕೆ ಇನ್ನೊಂದು, ಚಾಕುವಿನ ಮೊನೆಯಿಂದ ಬೇಕೆಂದೇ ಗೀರಿದ ಹಾಗೆ. ಅಥವಾ ಒಂದೂವರೆ ಶತಮಾನ ಡಬ್ಬಿಯಲ್ಲಿ ಉರುಳಿ ಬಿದ್ದ ಗೀರು. ಓದಬೇಕೆನಿಸಿತು. ಓದಲೇಬೇಕೆಂಬ ಆ ಹಳೆಯ ತುರಿಕೆ ಬೆರಳಿನ ತುದಿಯಿಂದ ಮೊಣಕೈಗೆ ಏರಿತು, ನಾಚಿಕೆಯಿಲ್ಲದೆ, ಏನೂ ಆಗಿಯೇ ಇಲ್ಲವೆಂಬಂತೆ. ಅವನು ಚಮಚವನ್ನು ಮೇಜಿನ ಮೇಲೆ ಬಿಟ್ಟು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನೊಳಗೆ ತುರುಕಿದ.

"ಬೇಡ ಮಿಸ್ ಅರ್ನೆಸ್ಟೀನ್. ಹಾಗೇ ಇರ್ಲಿ ಅದು."

ಆಕೆ ಅವನ ಜೇಬನ್ನು ನೋಡಿದಳು. ಮುಖದ ಮೇಲಿನ ಬೆಳಕು ಮೆಲ್ಲಗೆ ಒಳಗೆ ಹೋಯಿತು. ಅವನನ್ನು ಮತ್ತೆ ಕಟ್ಟೆಯ ಮೇಲೆ ಕೂರಿಸಿದಂತಾಯಿತು. "ನಮ್ಮನೆ ಚಮಚ ಮುಟ್ಟಬಾರ್ದು ಅಂತಿದ್ರೆ ಹೇಳಿ, ತಪ್ಪೇನಿಲ್ಲ. ನಾನೇ ಉಜ್ಕೋತೀನಿ," ಎಂದು ಚಮಚ ಎತ್ತಿಕೊಂಡು ಸಿಂಕಿನ ಬಳಿ ಹೋದಳು. ನಲ್ಲಿ ತಿರುಗಿಸಿದಳು. ಪಾತ್ರೆ ಉಜ್ಜುವ ತಂತಿಯ ಜುಂಗನ್ನು ಒದ್ದೆ ಮಾಡಿ ಹಿಂಡಿದಳು. ಇಂಥ ಸಾವಿರ ಪಾತ್ರೆ ಉಜ್ಜಿದ, ಇನ್ನೂ ಗಟ್ಟಿಯಾಗಿದ್ದ ಕೈ.

ಹಾರ್ಲನ್ ಹೇಳಿಬಿಟ್ಟ. ಕೂತಲ್ಲಿಂದಲೇ, ಅವಳ ಬೆನ್ನಿಗೆ, ಒಂದೇ ಉಸಿರಿಗೆ: ಬಿಲ್ಲೆ ಖಾಲಿಯಿರಲಿಲ್ಲ, ಹೆಸರಿತ್ತು, ಎಲ್ ಎ ಟಿ ಎಚ್ ಎಂದು ತಾನೇ ಕಂಡೆ, ಉಳಿದದ್ದನ್ನು ಓದುವ ಆಸೆಗೆ ತೊಳೆದೆ, ತೊಳೆದಾಗ ಎಲ್ಲ ಹೋಯಿತು, ಅದು ನಿಮ್ಮ ಹೆಸರು, ಚಮಚ ತೊಳೆಯಬೇಡಿ, ದೇವರಾಣೆ ತೊಳೆಯಬೇಡಿ. ಹೇಳುತ್ತ ಹೇಳುತ್ತ ತನ್ನ ಮಾತು ಎಷ್ಟು ಹಸೀ ಸುಳ್ಳಿನಂತೆ ಕೇಳಿಸುತ್ತಿದೆ ಎಂಬುದು ಅವನಿಗೇ ಕೇಳಿಸಿತು. ಸಲೀಸಾಗಿ ಬಂದ ಸುಳ್ಳಿಗೆ ಇದ್ದ ಗಾಂಭೀರ್ಯ ಈ ಸತ್ಯಕ್ಕೆ ಇರಲಿಲ್ಲ.

ಆಕೆ ನಲ್ಲಿ ನಿಲ್ಲಿಸಿ ತಿರುಗಿದಳು.

"ಈಗ ತಾನೆ ಖಾಲಿ ಅಂದ್ರಿ. ನಾನು ನಮ್ಮನೆ ಕಥೆ ಹೇಳ್ದೆ. ಈಗ ನೋಡಿದ್ರೆ ಅದರ ಮೇಲೆ ನಮ್ಮ ಹೆಸರು ಇತ್ತು ಅಂತೀರಿ."

"ಇತ್ತು ಅಮ್ಮಾ."

"ಮಿಸ್ಟರ್ ಹಾರ್ಲನ್, ನೀವು ಒಳ್ಳೇವ್ರು. ಮುದುಕಿ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀರಿ, ಗೊತ್ತು. ಆದ್ರೆ ಬಿಳಿಯೋರು ನಮಗೆ ಹೆಸರು ಕೊಡೋ ಉಪಕಾರ ಒಂದು ಸಲ ಆಗಿದೆ. ಅಷ್ಟು ಸಾಕು."

ಇನ್ನು ಏನು ಹೇಳಿದರೂ ಉಪಕಾರವೇ ಆಗುತ್ತಿತ್ತು. ಲೋಕದಲ್ಲಿ ಆ ಹೆಸರಿಗೆ ಇದ್ದ ಒಂದೇ ಸಾಕ್ಷಿ ಅವನ ಎರಡು ಕಣ್ಣು, ಮತ್ತು ಆ ಕಣ್ಣುಗಳಿಂದ ಈಗ, ಅವನ ಅಪ್ಪಣೆಯಿಲ್ಲದೆ, ನೀರು ಇಳಿಯತೊಡಗಿತ್ತು. ಒರೆಸಿಕೊಳ್ಳೋಣವೆಂದರೆ ಕೈ ಜೇಬಿನಿಂದ ಹೊರಬರಲೊಲ್ಲದು. ಆಕೆ ಅದನ್ನು ನೋಡಿದಳು. ನೋಡಿ, ತಂತಿಯ ಜುಂಗನ್ನು ಸಿಂಕಿನ ಮೂಲೆಗಿಟ್ಟು, ಚಮಚವನ್ನು ಸೆರಗಿನಂಥ ತನ್ನ ಏಪ್ರನ್ನಿನ ತುದಿಯಲ್ಲಿ ಉಜ್ಜದೆ ಒತ್ತಿ ಒತ್ತಿ ನೀರು ಹೀರಿಸಿ, ಅದೇ ಹಳೆಯ ಬಟ್ಟೆಯಲ್ಲಿ ಸುತ್ತಿದಳು.

"ಹೆಸರಿತ್ತು ಅನ್ನೋದನ್ನ ನಾನು ನಂಬಲ್ಲ," ಎಂದಳು. "ಏನೋ ಒಂದನ್ನ ಹಾಳು ಮಾಡಿದೀರಿ ಅನ್ನೋದನ್ನ ನಂಬ್ತೀನಿ."

ಗಂಟನ್ನು ಹಿಟ್ಟಿನ ಡಬ್ಬಿಗಿಟ್ಟು ಬಂದು ಕೂತಳು. ಕಟ್ಟಳೆಯಂತೆ ತನಗೊಂದನ್ನು ಆರಿಸಿಕೊಳ್ಳಲು ಮೊಟ್ಟೆಯ ಟ್ರೇಯ ಮೇಲೆ ಬೆರಳಾಡಿಸಿ, ಎಲ್ಲಕ್ಕಿಂತ ಹೆಚ್ಚು ಕೆಸರು ಮೆತ್ತಿದ್ದ ಒಂದು ಗುಂಡನ್ನು ಎತ್ತಿಕೊಂಡಳು. ಬಿಲ್ಲೆಯನ್ನು ಒಂದು ಬೆರಳಿನಿಂದ ಅವನ ಕಡೆಗೆ ತಳ್ಳಿದಳು. ಕಡುಬು ತಿನ್ನಿ, ತಣ್ಣಗಾಗುತ್ತೆ ಎಂದಳು. ಅವನು ತಿಂದ. ತುಂಬ ಸಿಹಿಯಾಗಿತ್ತು.

ವಾಪಸು ಬರುವಾಗ ಬಂಕಿನ ಮುಂದೆ ಅವನ ಗಾಡಿ ನಿಂತಿತು. ಪೆಟ್ರೋಲ್ ತುಂಬಿಯೇ ಇತ್ತು. ಗೇನ್ಸ್ ಹೊರಗೆ ಬಂದು, ಏನು ಮರೆತಿರಿ ಸಾರ್ ಎಂದ. ಹಾರ್ಲನ್ ಬಿಲ್ಲೆಯನ್ನು ಅವನ ಅಂಗೈಗೆ ಹಾಕಿದ. ಗೇನ್ಸ್ ಅದನ್ನು ಬೆಳಕಿಗೆ ಹಿಡಿದ. ಹದ್ದಿನ ಮಗ್ಗುಲು ನೋಡಿದ, ನುಣ್ಣನೆಯ ಮಗ್ಗುಲು ನೋಡಿದ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ವಾಲಿಸಿದ. ಹಾರ್ಲನ್ ಕಾದ. ಬಾಗಿಲ ಹಿಡಿ ಎಂಬ ಮಾತನ್ನು ಅವನು ಹೇಳಲಿ ಎಂದು ಇಡೀ ಮೈ ಕಿವಿಯಾಗಿ ಕಾದ.

ಗೇನ್ಸ್ ಬಿಲ್ಲೆಯ ನುಣ್ಣನೆಯ ಮುಖವನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದ. ಆಮೇಲೆ ಮೆಲ್ಲಗೆ, ಸಾವಿನ ಮನೆಯಲ್ಲಿ ಕೇಳುವವರ ಹಾಗೆ ಕೇಳಿದ:

"ಎಷ್ಟು ಅಕ್ಷರ ಇತ್ತು ಸಾರ್?"

"ನಾಲ್ಕು ಓದಿದ್ದೆ," ಎಂದ ಹಾರ್ಲನ್.

ಗೇನ್ಸ್ ತಲೆಯಾಡಿಸಿದ. ಬಿಲ್ಲೆಯನ್ನು ಅವನ ಕೈಗಿಟ್ಟು, ಗಾಡಿಯ ಗಾಜು ಆಗಲೇ ಒರೆಸಿದ್ದರೂ ಮತ್ತೊಮ್ಮೆ ಒರೆಸತೊಡಗಿದ.